ಪದಕದ ಅಂಚಿನಲ್ಲಿರುವ ಸವಾರ

ಪ್ರಿಯ ಮಿತ್ರರೆ,

ನಿಮ್ಮ ‘ಹೈಫಾದ ಹುಲಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ವಾಪಸು ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟ. ಹಳೇ ಸಾಮಾನಿನ ಅಂಗಡಿಯವನು, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಸವಾರನೊಬ್ಬನ ಬೆಳ್ಳಿ ಪದಕವನ್ನು ಮುರುಕು ಕಾಲ್ಗೆಜ್ಜೆಗಳ ಜೊತೆ ತಕ್ಕಡಿಗೆ ಹಾಕುತ್ತಾನೆ. ನೀವು “ಅದೊಂದನ್ನು ಬೇರೆ ತೂಗಿ” ಅನ್ನುತ್ತೀರಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಜಾರಿಗೆ ಬಂದ ಆ ಬ್ರಿಟಿಷ್ ಯುದ್ಧ ಪದಕ ಬೆಳ್ಳಿಯದಾಗಿದ್ದೇ ಅದಕ್ಕೆ ಮುಳುವಾಯಿತು. ಬೆಳ್ಳಿಯ ಬೆಲೆ ಏರಿದಾಗ ಎಷ್ಟೋ ಪದಕಗಳು ಕರಗಿಹೋದವು. ಕರಗದೆ ಉಳಿದ ಒಂದು ನಿಮ್ಮ ಕೈಯಲ್ಲಿದೆ, ನೀವು ಮಾತ್ರ ಮೊದಲ ಮೂರು ಪುಟಗಳನ್ನು ಗರ್ಜನೆಗೆ, ರಣಕಹಳೆಗೆ ಕೊಟ್ಟಿದ್ದೀರಿ.

ಆ ಗದ್ದಲದಲ್ಲಿ ಮನುಷ್ಯನೇ ಕಾಣಿಸುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಅವನು ಕತ್ತಿ ಝಳಪಿಸುತ್ತಾ ಎಲ್ಲರಿಗಿಂತ ಮುಂದೆ, ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೈನಿನ ಬಂದರು ಪಟ್ಟಣ ಹೈಫಾ ಹೊಕ್ಕ ಎಂದು ಬರೆದಿದ್ದೀರಿ. ಯಾರು ಹೇಳಿದರು? ಪದಕವಂತೂ ಹೇಳಿಲ್ಲ. ಅದು ಯುದ್ಧಸೇವೆಗೆ ಕೊಟ್ಟದ್ದು, ಒಂದು ದಿನದ ಶೌರ್ಯಕ್ಕಲ್ಲ. ಅಂದು ಪಟ್ಟಣದತ್ತ ಮುಂದಾಗಿ ನುಗ್ಗಿದವರು ಜೋಧಪುರ ಸಂಸ್ಥಾನದ ರಾವುತರು, ಮೈಸೂರಿನವರು ಅವರ ಬೆನ್ನಿಗಿದ್ದರು. ಮೈಸೂರಿನ ಇನ್ನೊಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಇನ್ನು ಲ್ಯಾನ್ಸರ್ ಎಂದರೆ ಭರ್ಜಿ ಹಿಡಿದ ರಾವುತ. ಉದ್ದನೆಯ ಬಿದಿರಿನ ಕಾವಿನ ಆ ಭರ್ಜಿ ನಿಮ್ಮ ಲೇಖನದಲ್ಲಿ ಒಮ್ಮೆಯೂ ಬರುವುದಿಲ್ಲ.

ಪದಕದ ಹಿಂಬದಿಯಲ್ಲಿರುವವನು ‘ನಮ್ಮ ಮೈಸೂರಿನ ಸವಾರ’ ಎಂದಿದ್ದೀರಿ. ಅಲ್ಲ. ಹದ್ದಿನ ಚಿಹ್ನೆಯ ಗುರಾಣಿಯನ್ನು ಕುದುರೆ ಕಾಲಡಿ ತುಳಿಸುತ್ತಿರುವ ಆ ಬರಿಮೈಯ ಸವಾರ ಎಲ್ಲ ಪದಕಗಳಲ್ಲೂ ಇದ್ದಾನೆ, ಹಡಗಿನ ನಾವಿಕರಿಗೆ ಕೊಟ್ಟದ್ದರಲ್ಲೂ. ನಿಮ್ಮ ಸವಾರ ಇರುವುದು ಅಂಚಿನಲ್ಲಿ: ನಂಬರು, ಹುದ್ದೆ, ಹೆಸರು, ರೆಜಿಮೆಂಟು. ಅದನ್ನು ‘ಕೆತ್ತಿದ ಹೆಸರು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಈ ಪದಕಗಳಲ್ಲಿ ಸಾಮಾನ್ಯವಾಗಿ ಹೆಸರು ಅಚ್ಚೊತ್ತಿರುತ್ತದೆ, ಕೆತ್ತಿರುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿ. ಉಳಿಯ ಗೀರು ಕಂಡರೆ ಅನುಮಾನಪಡಿ. ಹಳೇ ಹೆಸರನ್ನು ಅರದಿಂದ ಉಜ್ಜಿ ಬೇರೆ ಹೆಸರು ಹಾಕಿದ ಪದಕಗಳೂ ಮಾರಾಟಕ್ಕೆ ಬರುತ್ತವೆ. ಉಜ್ಜಿದ ಕಡೆ ಅಡ್ಡಳತೆ 36 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆಯಾಗಿರುತ್ತದೆ. ಹೆಸರಿಗಿಂತ ನಂಬರು ಮುಖ್ಯ, ಒಂದೇ ಹೆಸರಿನವರು ಇಬ್ಬರು ಮೂವರು ಇರಬಹುದು.

ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು: ಇದರ ಜೊತೆಯವು ಎಲ್ಲಿ? ರಣರಂಗಕ್ಕೆ ಹೋದವನಿಗೆ ಕಂಚಿನ ವಿಜಯ ಪದಕವೂ ಸಿಗುತ್ತಿತ್ತು. 1915 ಮುಗಿಯುವುದರೊಳಗೆ ಅಲ್ಲಿಗೆ ತಲುಪಿದವನಿಗೆ ಹಿಂಬದಿಯಲ್ಲಿ ಹೆಸರಿರುವ, ನಕ್ಷತ್ರಾಕಾರದ ಕಂಚಿನ ಪದಕವೂ ಇತ್ತು. ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯುತ್ತಿದ್ದರು. ಆ ನಕ್ಷತ್ರ ಸಿಕ್ಕರೆ, ಅವನು ಆ ಮರಳಿನಲ್ಲಿ ವರ್ಷಗಟ್ಟಲೆ ಕುದುರೆಗೆ ನೀರು ಹೊಂದಿಸಿದವನು ಎಂದು ನೀವು ಧೈರ್ಯವಾಗಿ ಬರೆಯಬಹುದು. ನನಗೆ ಹೈಫಾಗಿಂತ ಆ ವರ್ಷಗಳ ಮೇಲೆಯೇ ಆಸೆ.

ನೀವು ಹೈಫಾ ಗೆದ್ದ ಸಂಜೆಗೇ ಲೇಖನ ಮುಗಿಸಿದ್ದೀರಿ. ರೆಜಿಮೆಂಟಿನ ಯುದ್ಧ ಅಲ್ಲಿ ಮುಗಿಯಲಿಲ್ಲ. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೋ ಆಚೆಯ ಹರಿತಾನ್‌ನಲ್ಲಿ ಮೈಸೂರಿನವರೂ ಜೋಧಪುರದವರೂ ಮತ್ತೆ ಕುದುರೆ ನುಗ್ಗಿಸಿದರು. ಹೈಫಾಗಿಂತ ಹೆಚ್ಚು ಜನ ಅಲ್ಲಿ ಸತ್ತರು. ಇನ್ನು ನಾಲ್ಕೇ ದಿನಕ್ಕೆ, 30ರಂದು, ತುರ್ಕರ ಜೊತೆ ಕದನವಿರಾಮವಾಯಿತು. ಇದನ್ನು ಬಿಟ್ಟು ಮೈಸೂರಿನ ರಾವುತರ ಬಗ್ಗೆ ಬರೆಯುವುದನ್ನು ನಾನು ಒಪ್ಪಲಾರೆ.

ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಮಡಿದವರ ಪಟ್ಟಿ ಇದೆ. ಮೊದಲು ಅದರಲ್ಲಿ ಹುಡುಕಿ. ಹೆಸರು ಇಲ್ಲದಿದ್ದರೆ ಅವನು ಊರಿಗೆ ಮರಳಿರಬಹುದು, ಆಗ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಡತಗಳನ್ನು ಕೇಳಿ. ಅದಕ್ಕೂ ಮುಂಚೆ ಅಂಗಡಿಯವನ ಹತ್ತಿರ ಮತ್ತೊಮ್ಮೆ ಹೋಗಿ, ಪದಕವನ್ನು ಯಾರು ತಂದು ಮಾರಿದರು ಎಂದು ವಿಚಾರಿಸಿ. ಅಂಚಿನ ಅಕ್ಷರಗಳನ್ನು ಇದ್ದದ್ದು ಇದ್ದ ಹಾಗೆ, ಸವೆದ ಜಾಗವನ್ನು ಖಾಲಿ ಬಿಟ್ಟು, ಒಂದು ಕಾಗದದಲ್ಲಿ ಬರೆದು ನನಗೆ ಕಳಿಸಿ. ಹೊಸ ಕರಡಿಗೆ ಅವಸರವಿಲ್ಲ.

ಪ್ರೀತಿಯಿಂದ,
ಸಂಪಾದಕ