ಎರಡು ರೇಸ್‌ಗಳ ನಡುವಿನ ದಿನಗಳು: ಒಂದು ಆಪ್ತಸಲಹೆ ಪ್ರಕರಣ

"ಮೇಡಂ, ಅವರು ರೇಸ್‌ಗೆ ಹೋದಾಗ ನನಗೆ ಅಷ್ಟು ಭಯ ಆಗಲ್ಲ. ಅಲ್ಲಿ ಆಂಬುಲೆನ್ಸ್ ಇರುತ್ತೆ, ಜನ ಇರ್ತಾರೆ. ರೇಸ್ ಮುಗಿಸ್ಕೊಂಡು ಮನೆಗೆ ಬಂದು ಇರ್ತಾರಲ್ಲ, ಆ ದಿನಗಳೇ ಭಯ."

ಸುಮಾ ಮೊದಲ ಸಲ ಫೋನ್ ಮಾಡಿದಾಗ ಹೇಳಿದ ಮಾತು ಇದು. ಅವರ ಗಂಡ ಚೇತನ್‌ಗೆ 32 ವರ್ಷ. ಹಾಸನದ ಕಡೆಯವರು. ಐಟಿಐ ಓದಿ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಐದು ವರ್ಷದ ಮಗಳಿದ್ದಾಳೆ. ಆರು ವರ್ಷದಿಂದ ಬೈಕ್ ರ‍್ಯಾಲಿ, ಡರ್ಟ್ ಟ್ರ್ಯಾಕ್ ರೇಸ್‌ಗಳಲ್ಲಿ ಓಡಿಸುತ್ತಿದ್ದಾರೆ. ಕಂಪನಿ ಟೀಮ್ ಇಲ್ಲ, ಸ್ಪಾನ್ಸರ್ ಇಲ್ಲ, ಎಲ್ಲ ಸ್ವಂತ ದುಡ್ಡು. (ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಇಬ್ಬರಿಗೂ ಓದಿಸಿ, ಒಪ್ಪಿಗೆ ಪಡೆದೇ ಹಂಚಿಕೊಳ್ಳುತ್ತಿದ್ದೇನೆ.)

ಚೇತನ್ ಜೊತೆಗಿನ ಮೊದಲ ಭೇಟಿ ಚೆನ್ನಾಗಿ ಆಗಲಿಲ್ಲ. ತಪ್ಪು ನನ್ನದೇ. "ಇಷ್ಟೆಲ್ಲ ತೊಂದರೆ ಆಗ್ತಿದೆ, ಸ್ವಲ್ಪ ದಿನ ಬಿಟ್ಟು ನೋಡಬಹುದಲ್ವಾ?" ಎಂದು ಕೇಳಿಬಿಟ್ಟೆ. ಆರು ವರ್ಷದಿಂದ ಅಮ್ಮ, ಅತ್ತೆ, ಮಾವ, ಸೂಪರ್‌ವೈಸರ್ ಎಲ್ಲರಿಂದ ಕೇಳಿದ ಪ್ರಶ್ನೆಯನ್ನೇ ಅವರು ನನ್ನಿಂದಲೂ ಕೇಳಿದರು. ಮುಖ ಮುಚ್ಚಿಕೊಂಡಿತು. ಮುಂದಿನ ಅರ್ಧ ಗಂಟೆ "ಹೂಂ", "ಇಲ್ಲ", "ನೋಡೋಣ" ಇಷ್ಟೇ.

ಎರಡನೇ ಸಲ ಬಂದಾಗ ಬೇರೆ ದಾರಿ ಹಿಡಿದೆ. "ಸ್ಟಾರ್ಟ್ ಲೈನ್‌ನಲ್ಲಿ ನಿಂತಾಗ ಏನಾಗುತ್ತೆ, ಹೇಳಿ" ಅಂದೆ. ಇಪ್ಪತ್ತು ನಿಮಿಷ ಒಂದೇ ಸಮ ಮಾತಾಡಿದರು. ಕಾಫಿ ತೋಟದ ನಡುವಿನ ಮಣ್ಣು ರಸ್ತೆ. ಸವಾರರನ್ನು ಒಬ್ಬೊಬ್ಬರಾಗಿ ಬಿಡುತ್ತಾರೆ. ಮುಂದೆ ಹೋದವನ ಧೂಳು ಇನ್ನೂ ಗಾಳಿಯಲ್ಲೇ ಇರುತ್ತದೆ. ಹೆಲ್ಮೆಟ್ ಒಳಗೆ ತನ್ನ ಉಸಿರು ತನಗೇ ಕೇಳುತ್ತದೆ. ಎದುರಿಗೆ ನಿಂತು ಬಿಡುವವರ ಕೈಬೆರಳು ನೆಟ್ಟಗೆ ಐದು, ನಾಲ್ಕು, ಮೂರು. ಆಮೇಲೆ ಅವರು ಹೇಳಿದ್ದನ್ನು ನಾನು ಹಾಗೇ ಬರೆದಿಟ್ಟುಕೊಂಡೆ: "ಆ ಒಂಬತ್ತು ನಿಮಿಷ ನನ್ನ ತಲೇಲಿ ಸಾಲ ಇರಲ್ಲ ಮೇಡಂ. ಶಿಫ್ಟ್ ಇರಲ್ಲ. ನಾನೂ ಇರಲ್ಲ. ಮುಂದಿನ ತಿರುವು ಮಾತ್ರ ಇರುತ್ತೆ."

ಆಗ ನನಗೆ ಪ್ರಕರಣದ ಎಳೆ ಸಿಕ್ಕಿತು. ಅವರ ತಲೆ ಸುಮ್ಮನಾಗುವ ಜಾಗ ಇಡೀ ವರ್ಷದಲ್ಲಿ ಆ ಕೆಲವು ನಿಮಿಷ ಮಾತ್ರ. ಉಳಿದದ್ದೆಲ್ಲ ಅದಕ್ಕಾಗಿ ಕಾಯುವ ಹೊತ್ತು. ಕ್ಯಾಲೆಂಡರ್‌ನಲ್ಲಿ ರೇಸ್ ದಿನಕ್ಕೆ ಕೆಂಪು ಸುತ್ತು ಹಾಕಿರುತ್ತಾರೆ, ನಡುವಿನ ದಿನಗಳನ್ನು ಒಂದೊಂದಾಗಿ ಹೊಡೆದು ಹಾಕುತ್ತಾ ಹೋಗುತ್ತಾರೆ. ಹೀಗೆ ಹೊಡೆದು ಹಾಕಿದ ದಿನಗಳಲ್ಲೇ ಸುಮಾ ಬದುಕುತ್ತಿದ್ದರು. ಮಗಳು ಬೆಳೆಯುತ್ತಿದ್ದಳು.

ರೇಸ್ ಮುಗಿದ ಮೊದಲ ದಿನ ಮನೆಯಲ್ಲಿ ಹಬ್ಬ. ಗೆದ್ದರೂ ಸೋತರೂ ಮಾತು ನಿಲ್ಲುವುದಿಲ್ಲ. ಎರಡನೇ ದಿನ ಮೈಕೈ ನೋವು. ಮೂರನೇ ದಿನದಿಂದ ಮನುಷ್ಯನೇ ಬೇರೆ. ಊಟ ಬೇಡ. ಮಗಳು ಮಾತಾಡಿಸಿದರೆ ಸಿಡುಕು. ರಾತ್ರಿ ಶೆಡ್‌ನಲ್ಲಿ ಬೈಕ್ ಪಕ್ಕ ಕೂತು ಹೆಲ್ಮೆಟ್ ಕ್ಯಾಮೆರಾದ ವಿಡಿಯೋದಲ್ಲಿ ಒಂದೇ ತಿರುವನ್ನು ಮೂವತ್ತು, ನಲವತ್ತು ಸಲ ನೋಡುವುದು. "ಇಲ್ಲಿ ಬ್ರೇಕ್ ಹಿಡೀಬಾರದಿತ್ತು" ಎಂದು ತಮಗೆ ತಾವೇ ಹೇಳಿಕೊಳ್ಳುವುದು.

ಈ ಕುಸಿತಕ್ಕೆ ಸೋಲೇ ಕಾರಣ ಆಗಬೇಕಿಲ್ಲ. ವಾರಗಟ್ಟಲೆ ಮೈಮನಸ್ಸು ಬಿಗಿಯಾಗಿ ಒಂದು ದಿನಕ್ಕೆ ತಯಾರಾಗಿರುತ್ತದೆ. ಆ ದಿನ ಅಡ್ರಿನಲಿನ್ ಉಕ್ಕಿ, ಮಾರನೇ ದಿನ ಇಳಿದುಹೋಗುತ್ತದೆ. ಮುಂದೆ ಏನು ಅನ್ನುವುದಕ್ಕೆ ಮನಸ್ಸಿನ ಬಳಿ ಉತ್ತರ ಇರುವುದಿಲ್ಲ. ಒಲಿಂಪಿಕ್ಸ್‌ನಲ್ಲಿ 23 ಚಿನ್ನ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಕೂಡ ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೆ ತಾನು ಖಿನ್ನತೆಗೆ ಜಾರುತ್ತಿದ್ದೆ ಎಂದು ಬಹಿರಂಗವಾಗಿ ಹೇಳಿದ್ದಾರೆ. ಇದನ್ನು ಹೇಳಿದಾಗ ಚೇತನ್ ತಲೆ ಎತ್ತಿ ನೋಡಿದರು. "ಗೆದ್ದವರಿಗೂ ಆಗುತ್ತಾ?" ಅಂದರು. ತಾನು ಗೆಲ್ಲುತ್ತಿಲ್ಲ, ಅದಕ್ಕೇ ಹೀಗೆ ಎಂದು ಅವರು ನಂಬಿಕೊಂಡಿದ್ದರು.

ಮೂರನೇ ಭೇಟಿಯಲ್ಲಿ ನಾನು ನೇರವಾಗಿ ಕೇಳಿದೆ: "ಸಾಯಬೇಕು ಅಂತ ಯಾವತ್ತಾದ್ರೂ ಅನ್ನಿಸಿದೆಯಾ?" ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎಷ್ಟೋ ಜನ ಹಗುರಾಗುತ್ತಾರೆ. ಚೇತನ್ ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸಾಯೋದಲ್ಲ. ಆದ್ರೆ ಕೈನೋ ಕಾಲೋ ಮುರಿದ್ರೆ ವಾಸಿ ಅನ್ನಿಸಿದೆ. ಆಗ ಮನೇಲಿ ಸುಮ್ನೆ ಮಲಗಿರೋಕೆ ಒಂದು ಕಾರಣ ಇರುತ್ತಲ್ಲ" ಅಂದರು. ಕಣ್ಣಿಗೆ ಕಾಣುವ ಗಾಯ ಆದರೆ ಜನ ವಿಚಾರಿಸುತ್ತಾರೆ, ಹಣ್ಣು ತರುತ್ತಾರೆ. ಮನಸ್ಸು ಕುಸಿದರೆ "ಯಾಕೆ ಮುಖ ಗಂಟು ಹಾಕ್ಕೊಂಡಿದೀಯಾ" ಅಂತಾರೆ. ಆ ಮಾತು ಕೇಳಿ ನನಗೆ ತುಂಬ ನೋವಾಯಿತು.

ಗಾಯದ ಮಾತು ಬಂದಿದ್ದರಿಂದಲೇ ಇನ್ನೊಂದು ವಿಷಯ ಹೊರಬಿತ್ತು. ಐದು ವಾರದ ಹಿಂದೆ, ಒಬ್ಬರೇ ತೋಟದ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಬಿದ್ದಿದ್ದರು. ಹೆಲ್ಮೆಟ್ ಬಿರುಕು ಬಿಟ್ಟಿತ್ತು. ಎಷ್ಟು ಹೊತ್ತು ಬಿದ್ದಿದ್ದರೋ ಅವರಿಗೇ ನೆನಪಿಲ್ಲ. ಎದ್ದು, ಬೈಕ್ ಎತ್ತಿಕೊಂಡು, ಮನೆಗೆ ಬಂದು ಯಾರಿಗೂ ಹೇಳದೆ ಮಲಗಿದ್ದರು. ಆಮೇಲಿಂದ ತಲೆನೋವು, ಟ್ಯೂಬ್‌ಲೈಟ್ ಬೆಳಕು ಕಣ್ಣಿಗೆ ಚುಚ್ಚುವುದು, ನಿದ್ದೆ ಕೆಡುವುದು, ಸಿಡುಕು. ಡಾಕ್ಟರ್ ಹತ್ತಿರ ಹೋದರೆ ರೇಸ್‌ಗೆ ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ ಸಹಿ ಹಾಕಲ್ಲ ಅನ್ನುವ ಹೆದರಿಕೆಗೆ ಮುಚ್ಚಿಟ್ಟಿದ್ದರು.

ಅಲ್ಲಿಗೆ ನಾನು ಆಪ್ತಸಲಹೆಯನ್ನು ನಿಲ್ಲಿಸಿದೆ. ಮೊದಲು ನರರೋಗ ತಜ್ಞರನ್ನು ನೋಡಿ ಬನ್ನಿ, ಉಳಿದ ಮಾತು ಆಮೇಲೆ ಅಂದೆ. ತಲೆಗೆ ಪೆಟ್ಟು ಬಿದ್ದು ಮಿದುಳು ಒಳಗೆ ಅಲುಗಿದರೆ ಸ್ಕ್ಯಾನ್‌ನಲ್ಲಿ ಏನೂ ಕಾಣದೇ ಇರಬಹುದು. ಆದರೂ ತಲೆನೋವು, ಮರೆವು, ಸಿಡುಕು, ಬೇಸರ ವಾರಗಟ್ಟಲೆ ಉಳಿಯಬಹುದು. ಅದು ಮಾಯುವ ಮೊದಲೇ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ನಾನು ಮನಸ್ಸಿನದು ಅಂದುಕೊಂಡಿದ್ದರಲ್ಲಿ ಸ್ವಲ್ಪ ಭಾಗ ಮಿದುಳಿನ ಗಾಯದ್ದೇ ಆಗಿರಬಹುದಿತ್ತು.

"ಸಂತೋಷ್ ಅವರೂ ಬಿದ್ದಿದ್ರಲ್ಲ ಮೇಡಂ, ಎದ್ದು ಬಂದ್ರಲ್ಲ" ಎಂದು ಅವರು ವಾದ ಮಾಡಿದರು. ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ, ಮರುಭೂಮಿಯಂಥ ಕಠಿಣ ದಾರಿಯಲ್ಲಿ ದಿನಗಟ್ಟಲೆ ನಡೆಯುವ ಡಾಕರ್ ರ‍್ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಚೇತನ್‌ಗೆ ಅವರೆಂದರೆ ದೇವರು. ನಾನು ಕೇಳಿದೆ: "ಅವರನ್ನು ಎತ್ತಿಕೊಂಡು ಹೋಗೋಕೆ ಹೆಲಿಕಾಪ್ಟರ್ ಬಂತು, ಡಾಕ್ಟರ್ ಬಂದ್ರು. ನೀವು ತೋಟದಲ್ಲಿ ಬಿದ್ದಾಗ ಯಾರು ಬಂದ್ರು?" ಅವರು ಉತ್ತರ ಕೊಡಲಿಲ್ಲ. ಆ ವಾರವೇ ತಜ್ಞರ ಹತ್ತಿರ ಹೋದರು.

ತಜ್ಞರು ಪೂರ್ತಿ ಲಕ್ಷಣ ಹೋಗುವವರೆಗೆ ಬೈಕ್ ಮುಟ್ಟಬೇಡಿ ಅಂದರು. ಆಮೇಲೂ ಹಂತ ಹಂತವಾಗಿ: ಮೊದಲು ನಡಿಗೆ, ಆಮೇಲೆ ವ್ಯಾಯಾಮ, ಆಮೇಲೆ ನಿಧಾನ ಸವಾರಿ, ಕೊನೆಗೆ ರೇಸ್. ಬಿರುಕು ಬಿಟ್ಟ ಹೆಲ್ಮೆಟ್ಟನ್ನು ನಾನೇ ಎಸೆಯಲು ಹೇಳಿದೆ. ಒಂದು ಸಲ ಜೋರಾದ ಪೆಟ್ಟು ತಿಂದ ಹೆಲ್ಮೆಟ್‌ನ ಒಳಗಿನ ಥರ್ಮೋಕೋಲ್‌ನಂಥ ಪದರ ಅಮುಕಿಹೋಗಿರುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಎರಡನೇ ಪೆಟ್ಟಿಗೆ ಅದು ತಲೆ ಕಾಯುವುದಿಲ್ಲ.

ಇದಾದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡೆ. ಸುಮಾಗೆ ಬಿದ್ದ ಸಂಗತಿ ಚೇತನ್ ಬಾಯಿಂದಲೇ ಗೊತ್ತಾಯಿತು. ಸುಮಾ ಕೂಗಾಡಲಿಲ್ಲ. "ಅವತ್ತು ರಾತ್ರಿ ಪಾಪು ಜೊತೆ ಒಂದೇ ಹಾಸಿಗೇಲಿ ಮಲಗಿದ್ರಿ. ಬೆಳಿಗ್ಗೆ ಎದ್ದೇಳದೇ ಇದ್ದಿದ್ರೆ?" ಅಂದರು. ಅಷ್ಟೇ.

ನಾನು ಕೊಟ್ಟ ಸಲಹೆಗಳನ್ನು ಇಲ್ಲಿ ಹೇಳುತ್ತೇನೆ. ಇವು ಈ ಮನೆಗೆ ಹೊಂದಿದವು, ಆದರೆ ಇಂಥ ಹವ್ಯಾಸ ಇರುವ ಬೇರೆ ಮನೆಗಳಿಗೂ ಉಪಯೋಗ ಆಗಬಹುದು.

ಒಬ್ಬರೇ ಪ್ರಾಕ್ಟೀಸ್‌ಗೆ ಹೋಗುವುದು ಇನ್ನು ಇಲ್ಲ. ಜೊತೆಗೊಬ್ಬ ಸವಾರ ಇರಲೇಬೇಕು. ಹೋಗುವಾಗ ಯಾವ ರಸ್ತೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಸುಮಾಗೆ ಗೊತ್ತಿರಬೇಕು. ಈ ಒಂದು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ.

ರೇಸ್ ಆದ ಮೂರನೇ ದಿನ ಕುಸಿತ ಬರುತ್ತದೆ ಎಂದು ಮೊದಲೇ ಗೊತ್ತಿದೆ ಅಲ್ವಾ? ಮಳೆ ಬರುತ್ತದೆ ಎಂದು ಗೊತ್ತಿದ್ದರೆ ಕೊಡೆ ತೆಗೆದಿಡುವ ಹಾಗೆ ಅದಕ್ಕೂ ತಯಾರಾಗಬಹುದು. ಆ ದಿನಗಳಲ್ಲಿ ರಾತ್ರಿ ಪಾಳಿ ಬೇಡ, ಜೊತೆಯವರ ಹತ್ತಿರ ಬದಲಿಸಿಕೊಳ್ಳಿ. ಬೈಕ್ ಮಾರುವ, ಹೊಸ ಸಸ್ಪೆನ್ಷನ್ ಕೊಳ್ಳುವ ತೀರ್ಮಾನ ಯಾವುದೂ ಒಂದು ವಾರ ಬೇಡ. ವಿಡಿಯೋ ಒಂದೇ ಸಲ ನೋಡಿ. ಕಲಿತದ್ದನ್ನು ಮೂರು ಸಾಲು ಬರೆದು ಪುಸ್ತಕ ಮುಚ್ಚಿಡಿ. ಸುಮಾಗೂ ಹೇಳಿದೆ, ಆ ದಿನ ಅವರು ಮಾತಾಡದಿದ್ದರೆ ಅದು ನಿಮ್ಮ ಮೇಲಿನ ಕೋಪ ಅಂದುಕೊಳ್ಳಬೇಡಿ. "ಇವತ್ತು ಮೂರನೇ ದಿನ" ಎಂದು ಚೇತನ್ ಬಾಯಿಬಿಟ್ಟು ಹೇಳಬೇಕು. ಅಷ್ಟು ಹೇಳಿದರೆ ಸಾಕು.

ದುಡ್ಡಿನ ಮಾತು ಕಷ್ಟದ್ದಾಗಿತ್ತು. ಟೈರ್, ಚೈನ್ ಸ್ಪ್ರಾಕೆಟ್, ಎಂಟ್ರಿ ಫೀಸ್, ಬೈಕ್ ಸಾಗಿಸುವ ಪಿಕಪ್ ಬಾಡಿಗೆ, ಮೆಕ್ಯಾನಿಕ್‌ಗೆ ಕೊಡುವುದು. ಸುಮಾ ಬಳೆ ಬ್ಯಾಂಕಿನಲ್ಲಿ ಅಡ ಇದ್ದವು. ಒಟ್ಟು ಎಷ್ಟು ಖರ್ಚಾಗಿದೆ ಎಂದು ಚೇತನ್ ಯಾವತ್ತೂ ಕೂಡಿಸಿ ನೋಡಿರಲಿಲ್ಲ, ಕೂಡಿಸಲು ಭಯ. ನನ್ನೆದುರಿಗೇ ಇಬ್ಬರೂ ಕೂತು ಲೆಕ್ಕ ಬರೆದರು. ವರ್ಷಕ್ಕೆ ಏಳು ರೇಸ್ ಇದ್ದದ್ದನ್ನು ಮೂರಕ್ಕೆ ಇಳಿಸಿದ್ದು ಅವರೇ, ನಾನು ಹೇಳಲಿಲ್ಲ. ಮೊದಲು ಬಳೆ ಬಿಡಿಸುವುದು, ಆಮೇಲೆ ಓವರ್‌ಟೈಮ್ ದುಡ್ಡಿನಲ್ಲಿ ಮಾತ್ರ ರೇಸ್ ಎಂದು ಒಪ್ಪಂದವಾಯಿತು. ವಿಮೆ ಕಾಗದ ತೆಗೆದು ಓದಲೂ ಹೇಳಿದೆ. ಬೈಕ್ ವಿಮೆ ರೇಸಿಂಗ್‌ನಲ್ಲಿ ಆದ ಹಾನಿಗೆ ಬರುವುದಿಲ್ಲ. ಆರೋಗ್ಯ ವಿಮೆಯಲ್ಲಿ, ಮೋಟಾರ್ ರೇಸಿಂಗ್‌ನಂಥ ಸಾಹಸ ಕ್ರೀಡೆಯನ್ನು ವೃತ್ತಿಯಾಗಿ ಆಡಿ ಗಾಯವಾದರೆ ಖರ್ಚು ಕೊಡುವುದಿಲ್ಲ ಎಂಬ ಷರತ್ತು ಸಾಮಾನ್ಯ. ಚೇತನ್ ಹವ್ಯಾಸಿ. ಹವ್ಯಾಸಿಗೆ ಏನು ನಿಯಮ ಎಂದು ವಿಮೆ ಕಂಪನಿಯನ್ನು ಬರವಣಿಗೆಯಲ್ಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಸುಮಾಗೆ ನಾನು ಕೊಟ್ಟ ಸಲಹೆ ಬೇರೆ. "ಯಾವಾಗ ಬಿಡ್ತೀರಾ" ಎಂದು ಕೇಳುವುದನ್ನು ಬಿಟ್ಟು, "ಮುಂದಿನದು ಯಾವಾಗ, ನನಗೆ ಏನೇನು ಗೊತ್ತಿರಬೇಕು" ಎಂದು ಕೇಳಿ ಅಂದೆ. ಕ್ಯಾಲೆಂಡರ್‌ನಲ್ಲಿ ಮನೆಯ ದಿನಗಳನ್ನು ಮೊದಲು ಬರೆಯಬೇಕು. ರೇಸ್‌ಗೆ ಹೋಗಿದ್ದರಿಂದ ತಮ್ಮನ ಮದುವೆಗೇ ಗಂಡ ಬರಲಿಲ್ಲ ಅನ್ನುವ ನೋವು ಅವರಲ್ಲಿ ಹಾಗೇ ಇತ್ತು. ಅದನ್ನು ಆಡಲು ಅವರಿಗೆ ಬೇರೆಯಾಗಿ ಎರಡು ಭೇಟಿ ಇಟ್ಟುಕೊಂಡೆ. ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗಾದರೂ ಮನಸ್ಸು ತಡೆಯದಷ್ಟು ಭಾರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ನಂಬರ್ ಇಬ್ಬರಿಗೂ ಬರೆದುಕೊಟ್ಟೆ.

ಇಷ್ಟೆಲ್ಲ ಆದರೂ ನಡುವಿನ ದಿನಗಳು ಖಾಲಿ ಉಳಿದರೆ ಉಪಯೋಗವಿಲ್ಲ. ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನಲ್ಲಿ ಬಿದ್ದು ಹೊಟ್ಟೆಯೊಳಗೆ ದೊಡ್ಡ ಗಾಯ ಮಾಡಿಕೊಂಡರು. 2019ರಲ್ಲಿ, ಮಣ್ಣು ಮರಳಿನ ದಾರಿಯಲ್ಲಿ ನಡೆಯುವ ಬಾಹಾ ರೇಸ್‌ಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಆ ನಡುವೆ ಅವರು ಮಾಡಿದ ಕೆಲಸವನ್ನು ಯಾರೂ ವಿಡಿಯೋ ಮಾಡಿ ನೋಡಲ್ಲ ಅಲ್ವಾ ಎಂದು ಚೇತನ್‌ಗೆ ಕೇಳಿದೆ. "ಮನೇಲಿ ಇದ್ದಾಗ ತಲೆ ಸುಮ್ನಾಗೋ ಹೊತ್ತು ಯಾವುದಾದ್ರೂ ಇದೆಯಾ?" ತುಂಬ ಯೋಚಿಸಿ, ಚಕ್ರದ ಸ್ಪೋಕ್ಸ್ ನೋಡುವಾಗ ಅಂದರು. ಮಣ್ಣು ರಸ್ತೆಯಲ್ಲಿ ಓಡಿದ ಮೇಲೆ ಸ್ಪೋಕ್ಸ್ ಸಡಿಲ ಆಗುತ್ತವೆ. ಸ್ಪಾನರ್‌ನಿಂದ ಒಂದೊಂದನ್ನೇ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲ ಇದ್ದದ್ದು ಮಂಕು ಸದ್ದು ಮಾಡುತ್ತದೆ. "ಪಾಪುನ ಪಕ್ಕ ಕೂರಿಸ್ಕೊಳ್ಳಿ" ಅಂದೆ. ಈಗ ಭಾನುವಾರ ಬೆಳಿಗ್ಗೆ ಅದು ಅಪ್ಪ ಮಗಳ ಕೆಲಸ. ಮಗಳ ಕಿವಿ ತನಗಿಂತ ಚುರುಕು ಅಂತಾರೆ ಚೇತನ್.

ಎಲ್ಲ ಸರಿಯಾಯಿತು ಎಂದು ನಾನು ಹೇಳಲಾರೆ. ನಾಲ್ಕು ತಿಂಗಳಾಯಿತು. ನಡುವೆ ಒಮ್ಮೆ ಸುಳ್ಳು ಹೇಳಿ ಟೈರ್ ಕೊಂಡರು, ಜಗಳ ಆಯಿತು. ತಲೆನೋವು ಪೂರ್ತಿ ಹೋಗಲು ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಹಾಗಾಗಿ ಅವರು ಹೆಸರು ಕೊಟ್ಟಿದ್ದ ರ‍್ಯಾಲಿಗೆ ತಜ್ಞರ ಅನುಮತಿ ಸಿಗಲಿಲ್ಲ. ಆ ದಿನ ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಅಂದರು. ಮಾರ್ಷಲ್ ಆಗಿ, ಅಂದರೆ ದಾರಿಯಲ್ಲಿ ನಿಂತು ಸವಾರರಿಗೆ ಅಪಾಯದ ಸೂಚನೆ ಕೊಡುವವರಾಗಿ, ಹೋಗಬಹುದಲ್ಲ ಅಂದೆ. ಹೋದರು. ಹಳದಿ ಬಾವುಟ ಹಿಡಿದು ಇಳಿಜಾರಿನ ತಿರುವೊಂದರಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತರು. ಅವರ ಕಣ್ಣೆದುರಿಗೇ ಮೂರು ಜನ ಬಿದ್ದರು. ಒಬ್ಬನನ್ನು ಇವರೇ ಎತ್ತಿ ಪಕ್ಕಕ್ಕೆ ಕೂರಿಸಿದರು. ಹುಡುಗ ಎದ್ದ ಕೂಡಲೇ ಬೈಕ್ ಕೇಳಿದನಂತೆ.

ಮಾರನೇ ದಿನ ಸುಮಾ ಫೋನ್ ಮಾಡಿದರು. ರಾತ್ರಿ ಊಟಕ್ಕೆ ಕೂತಾಗ ಚೇತನ್ ಅನ್ನ ಕಲಸುತ್ತಾ ಕಲಸುತ್ತಾ ನಿಲ್ಲಿಸಿ, "ಹೊರಗಡೆ ನಿಂತು ನೋಡಿದ್ರೆ ತುಂಬ ಹೆದರಿಕೆ ಆಗುತ್ತೆ ಕಣೇ" ಅಂದರಂತೆ.

"ನೀವೇನಂದ್ರಿ?" ಎಂದು ಕೇಳಿದೆ.

"ಹೂಂ ರೀ ಅಂದೆ ಮೇಡಂ. ಸಾರು ಬಡಿಸ್ದೆ."