ಓದುಗರ ಪ್ರಶ್ನೆ: ಬೋಟಿಯನ್ನು ಕರಗಿಸುವ ಹೊಟ್ಟೆ ತಾನೇಕೆ ಕರಗದು?

ಪ್ರಶ್ನೆ: ಬೋಟಿ ಸುಕ್ಕ ತಿಂದರೆ ಆಡಿನ ಹೊಟ್ಟೆ ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ನಮ್ಮ ಹೊಟ್ಟೆಯೂ ಮಾಂಸವೇ ಅಲ್ಲವೇ? ತನ್ನದೇ ಆಸಿಡ್‌ಗೆ ಅದು ಏಕೆ ಕರಗುವುದಿಲ್ಲ?
– ಓದುಗರೊಬ್ಬರು, ಮಲ್ಪೆ

ಉತ್ತರ: ಅರ್ಧ ಉತ್ತರ ನಿಮ್ಮ ಬಂದರಿನಲ್ಲೇ ಇದೆ. ಹೊಟ್ಟೆ ತುಂಬ ಮೇದಿದ್ದಾಗ ಬಲೆಗೆ ಬಿದ್ದ ಬೂತಾಯಿಯನ್ನು ಐಸ್ ಹಾಕದೆ ಬಿಟ್ಟು ನೋಡಿ. ಕೆಲವೇ ಗಂಟೆಗಳಲ್ಲಿ ಹೊಟ್ಟೆಯ ಭಾಗ ಮೆತ್ತಗಾಗಿ, ಬೆರಳು ತಾಗಿದರೂ ಒಡೆಯುತ್ತದೆ. ಮೀನಿನ ಜೀರ್ಣರಸವೇ ಅದನ್ನು ಒಳಗಿನಿಂದ ಕರಗಿಸಿರುತ್ತದೆ. ಜೀವವಿದ್ದಾಗ ಅದೇ ರಸ ಅದೇ ಹೊಟ್ಟೆಗೆ ಏನೂ ಮಾಡಿರಲಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1772ರಲ್ಲಿ ಇದನ್ನೇ ಬರೆದ: ಸತ್ತ ಮೇಲೆ ಜಠರ ತನ್ನನ್ನೇ ಕರಗಿಸಿಕೊಳ್ಳುತ್ತದೆ. ಆಡಿನ ಬೋಟಿಗೂ ನಿಮ್ಮ ಹೊಟ್ಟೆಗೂ ಇರುವ ವ್ಯತ್ಯಾಸ ಇಷ್ಟೇ, ನಿಮ್ಮದರಲ್ಲಿ ಇನ್ನೂ ರಕ್ತ ಓಡುತ್ತಿದೆ.

ಆ ಜೀವಂತ ಕೋಶಗಳು ಮಾಡುವ ಕೆಲಸವೇನು? ಮೊದಲನೆಯದು ಲೋಳೆ. ದಾಸವಾಳದ ಎಲೆ ಕಿವುಚಿದಾಗ ಬರುವ ಲೋಳೆಯನ್ನು ನೆನಪಿಸಿಕೊಳ್ಳಿ. ಅದಕ್ಕಿಂತ ಗಟ್ಟಿಯಾದದ್ದು ಜಠರದ ಒಳಮೈಗೆಲ್ಲ ಅಂಟಿಕೊಂಡಿರುತ್ತದೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಹಲವು ಕಡೆ ಇನ್ನೂ ಕಡಿಮೆ. ಲೋಳೆಯೊಂದೇ ಇದ್ದರೆ ಆಸಿಡ್ ನಿಧಾನವಾಗಿ ಇಳಿದು ಬಂದೀತು. ಹಾಗಾಗಿ ಮೇಲ್ಪದರದ ಕೋಶಗಳು ಆ ಲೋಳೆಯೊಳಗೆ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಬಿಡುತ್ತಲೇ ಇರುತ್ತವೆ. ಅಡುಗೆ ಸೋಡಾದಲ್ಲಿರುವುದೂ ಇದೇ. ಇಳಿದು ಬರುವ ಆಸಿಡ್ ದಾರಿಯಲ್ಲೇ ತಟಸ್ಥವಾಗುತ್ತದೆ. ಪಿಎಚ್ ಎಂಬುದು ಆಮ್ಲೀಯತೆಯ ಅಳತೆ, ಅದು ಒಂದು ಅಂಕ ಏರಿದರೆ ಆಮ್ಲೀಯತೆ ಹತ್ತು ಪಟ್ಟು ಇಳಿಯುತ್ತದೆ. ಲೋಳೆಯ ಆಚೆ ಪಿಎಚ್ 2 ಇದ್ದರೆ ಈಚೆ, ಕೋಶದ ಮೈಮೇಲೆ, 7ರ ಹತ್ತಿರ. ಇಷ್ಟು ತೆಳುವಾದ ಪದರದೊಳಗೆ ಆಮ್ಲೀಯತೆ ಒಂದು ಲಕ್ಷ ಪಟ್ಟು ಇಳಿಯುತ್ತದೆ!

ಆ ಕ್ಷಾರ ಬರುವ ದಾರಿಯೂ ಚೆಂದ. ಆಸಿಡ್ ಸ್ರವಿಸುವ ಕೋಶಗಳು ಆಸಿಡನ್ನು ಒಳಗೆ ತುಂಬಿಟ್ಟುಕೊಂಡಿರುವುದಿಲ್ಲ. ಹೈಡ್ರೋಜನ್ ಅಯಾನನ್ನೂ ಕ್ಲೋರೈಡನ್ನೂ ಬೇರೆ ಬೇರೆಯಾಗಿ ಹೊರಗೆ ದಾಟಿಸುತ್ತವೆ. ಹೈಡ್ರೋಕ್ಲೋರಿಕ್ ಆಮ್ಲ ರೂಪುಗೊಳ್ಳುವುದು ಹೊರಗೇ. ಹೊರಗೆ ಹೋದ ಒಂದೊಂದು ಹೈಡ್ರೋಜನ್‌ಗೂ ಒಂದೊಂದು ಬೈಕಾರ್ಬನೇಟ್ ರಕ್ತಕ್ಕೆ ಸೇರುತ್ತದೆ. ಅದೇ ರಕ್ತ ಮೇಲಕ್ಕೆ ಹರಿದು ಮೇಲ್ಪದರದ ಕೋಶಗಳಿಗೆ ಅದನ್ನು ಒಯ್ಯುತ್ತದೆ. ಆಸಿಡ್ ಹೆಚ್ಚಿದಂತೆ ಕ್ಷಾರವೂ ಹೆಚ್ಚು. ಮಾಂಸ ಕರಗಿಸುವ ಪೆಪ್ಸಿನ್ ಕೂಡ ನಿಷ್ಕ್ರಿಯ ರೂಪದಲ್ಲೇ ಹೊರಬಂದು, ಆಸಿಡ್ ತಾಗಿದ ಮೇಲಷ್ಟೇ ಚುರುಕಾಗುತ್ತದೆ. ಅದು ಲೋಳೆಯ ಮೇಲ್ಮೈಯನ್ನೂ ಸವೆಸುತ್ತಿರುವುದರಿಂದ ಕೆಳಗಿನಿಂದ ಹೊಸ ಲೋಳೆ ಬರುತ್ತಿರಲೇಬೇಕು. ಇಷ್ಟಾದರೂ ಹಾಳಾಗುವ ಮೇಲ್ಪದರದ ಕೋಶಗಳ ಜಾಗಕ್ಕೆ ಕೆಲವೇ ದಿನಗಳಲ್ಲಿ ಹೊಸವು ಬರುತ್ತವೆ.

ಪ್ರಶ್ನೆ: ಬೆನ್ನುನೋವಿಗೆ ಡೈಕ್ಲೊಫೆನಾಕ್ ತೆಗೆದುಕೊಳ್ಳುತ್ತೇನೆ. ಊಟ ಮಾಡಿಯೇ ನುಂಗಿದರೆ ಹುಣ್ಣಾಗುವುದಿಲ್ಲ ತಾನೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಊಟದ ಮೇಲೆ ನುಂಗಿದರೆ ಹೊಟ್ಟೆ ಉರಿ ಕಡಿಮೆಯಾಗಬಹುದು, ಹುಣ್ಣಿನ ಅಪಾಯ ತಪ್ಪುವುದಿಲ್ಲ. ಲೋಳೆ, ಕ್ಷಾರ, ರಕ್ತದ ಓಟ ಮೂರನ್ನೂ ಕಾಯ್ದುಕೊಳ್ಳುವುದು ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥಗಳು. ನೋವು, ಬಾವು ಹುಟ್ಟಿಸುವುದರಲ್ಲೂ ಅವುಗಳ ಪಾಲಿದೆ. ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಯನ್ನೇ ತಡೆಯುತ್ತವೆ, ರಕ್ತದ ಮೂಲಕವೂ. ಆದ್ದರಿಂದ ಇಂಜೆಕ್ಷನ್ ಚುಚ್ಚಿಸಿಕೊಂಡರೂ ಹೊಟ್ಟೆಗೆ ಪೆಟ್ಟು ಬೀಳಬಹುದು. 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮೆಡಿಕಲ್‌ನಲ್ಲಿ ಕೇಳಿ ತಂದು ನುಂಗುವುದು ಬೇಡವೇ ಬೇಡ. ಜೊತೆಗೆ ವೈದ್ಯರು ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದುಕೊಟ್ಟಿದ್ದರೆ ಅದನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ. ಆಹಾರ ಬಿದ್ದಾಗ ಕೆಲಸಕ್ಕಿಳಿಯುವ ಆಸಿಡ್ ಪಂಪುಗಳನ್ನಷ್ಟೇ ಅದು ನಿಲ್ಲಿಸಬಲ್ಲದು. ಹೃದಯಕ್ಕೆಂದು ಕೊಟ್ಟ ಸಣ್ಣ ಆಸ್ಪಿರಿನನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅಮೋನಿಯಾ ಎಂಬ ಕ್ಷಾರವನ್ನು ತಯಾರಿಸಿ ಆಸಿಡ್‌ನಿಂದ ಪಾರಾಗಿ ಲೋಳೆಯಲ್ಲೇ ಬೀಡುಬಿಡುತ್ತದೆ. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂತು. ಉಸಿರಿನ ಪರೀಕ್ಷೆಯಲ್ಲಿ ಇದು ಪತ್ತೆಯಾಗುತ್ತದೆ, ಆದರೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ಇದ್ದರೂ ಇಲ್ಲವೆಂದು ಬಂದೀತು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿ ಕಾಫಿಪುಡಿ ಕಲಸಿದಂತಿದ್ದರೆ ಒಳಗೆ ರಕ್ತ ಸುರಿಯುತ್ತಿದೆ ಎಂದರ್ಥ. ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಪುನರ್ಪುಳಿ ಸಾರು ಕುಡಿದರೆ ನನಗೆ ಎದೆಯುರಿ. ಹುಳಿ ಹೊಟ್ಟೆಯನ್ನು ಸುಡುತ್ತದೆಯೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಹೊಟ್ಟೆಯನ್ನಲ್ಲ. ಜಠರರಸದ ಮುಂದೆ ಸಾರಿನ ಹುಳಿ ಏನೂ ಅಲ್ಲ. ಉರಿಯುವುದು ಅನ್ನನಾಳ, ಅದಕ್ಕೆ ಜಠರದಂಥ ಲೋಳೆಯ ಹೊದಿಕೆಯಿಲ್ಲ. ಕೆಳತುದಿಯ ಬಿಗಿ ಸಡಿಲಾಗಿ ಆಸಿಡ್ ಮೇಲೆ ಬಂದು ಅಲ್ಲಿ ಮೊದಲೇ ಕೆಂಪಾಗಿದ್ದರೆ, ಹುಳಿ ಇಳಿಯುವಾಗ ಉರಿಯುತ್ತದೆ. ಉರಿ ಹೋಗುವ ತನಕ ಸಾರನ್ನು ಬಿಡಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಎರಡು ಕಾಲುಗಳಡಿ ಆರು ಇಂಚಿನ ಮರದ ತುಂಡು ಇಡಿ. ದಿಂಬಿನ ಮೇಲೆ ದಿಂಬು ಹಾಕಿಕೊಂಡರೆ ಸೊಂಟ ಮಡಚಿ ಹೊಟ್ಟೆಗೆ ಒತ್ತಡ ಬೀಳುತ್ತದೆ, ಉರಿ ಹೆಚ್ಚಾಗಬಹುದು.