ತಾರಸಿ ಮೇಲೆ ಗಾಳಿಯಂತ್ರ ಕೂರಿಸಬಹುದಾ?

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ಒಣಹಾಕಿದ ಬಟ್ಟೆ ಹಾರಿಹೋಗುವಷ್ಟು ಗಾಳಿ ತಾರಸಿ ಮೇಲೆ ಬೀಸುತ್ತದೆ. ಅಲ್ಲೇ 1 ಕಿಲೋವಾಟ್‌ನ ಗಾಳಿಯಂತ್ರ ಕೂರಿಸುವ ಆಸೆ. ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್ ಆಯಿತಲ್ವಾ? ಈ ಲೆಕ್ಕ ಸರಿಯೇ?

ಉತ್ತರ: ಲೆಕ್ಕ ತಪ್ಪುವುದು ಆ ‘1 ಕಿಲೋವಾಟ್’ ಅನ್ನುವಲ್ಲೇ. ಚಿಕ್ಕ ಯಂತ್ರಗಳ ಮೇಲೆ ಬರೆದಿರುವ ಅಂಕಿ ಸಾಮಾನ್ಯವಾಗಿ ಗಾಳಿ ಸೆಕೆಂಡಿಗೆ 11-12 ಮೀಟರ್ ವೇಗದಲ್ಲಿ ಬೀಸಿದಾಗಿನದು. 12 ಮೀಟರ್ ಅಂದರೆ ಗಂಟೆಗೆ 43 ಕಿ.ಮೀ. ಮರದ ದಪ್ಪ ಕೊಂಬೆಗಳೇ ಅಲ್ಲಾಡುವಂಥ ಗಾಳಿ ಅದು. ದಿನವಿಡೀ ಹಾಗೆ ಬೀಸುವ ಜಾಗ ಎಲ್ಲಿದೆ?

ಗಾಳಿಯ ವೇಗ ಅರ್ಧ ಆದರೆ ಅದರ ಶಕ್ತಿ ಅರ್ಧ ಆಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ರೆಕ್ಕೆ ತಿರುಗುವ ವೃತ್ತದ ವ್ಯಾಸ 2 ಮೀಟರ್ ಇರುವ ಯಂತ್ರವನ್ನೇ ತಗೊಳ್ಳಿ. 12 ಮೀಟರ್ ವೇಗದಲ್ಲಿ ಸುಮಾರು 1,000 ವಾಟ್ ಕೊಡುವ ಅದು, 6 ಮೀಟರ್‌ನಲ್ಲಿ ಕೊಡುವುದು 125 ವಾಟ್. 4 ಮೀಟರ್‌ನಲ್ಲಿ 40 ವಾಟ್ ಕೂಡ ದಾಟುವುದಿಲ್ಲ. ಮೂರಕ್ಕಿಂತ ಕೆಳಗಿಳಿದರೆ ಎಷ್ಟೋ ಯಂತ್ರಗಳು ಕರೆಂಟೇ ಕೊಡುವುದಿಲ್ಲ. ವರ್ಷದ ಸರಾಸರಿ 4 ಮೀಟರ್ ಇರುವ ಕಡೆ ದಿನಕ್ಕೆ ಒಂದೂವರೆ ಯೂನಿಟ್ ಸಿಕ್ಕರೆ ಅದೇ ಜಾಸ್ತಿ. ಹಾಗಾಗಿ ಕೊಳ್ಳುವಾಗ ಕಿಲೋವಾಟ್‌ಗಿಂತ ಮೊದಲು ವ್ಯಾಸ ಕೇಳಿ. ವ್ಯಾಸ ಎರಡು ಪಟ್ಟಾದರೆ ಸಿಗುವ ಶಕ್ತಿ ನಾಲ್ಕು ಪಟ್ಟು. ‘ನಮ್ಮದು ವಿಶೇಷ ವಿನ್ಯಾಸ, ಪೂರ್ತಿ ಗಾಳಿ ಹಿಡಿಯುತ್ತದೆ’ ಅಂದರೆ ನಂಬಬೇಡಿ. ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚು ಯಾವ ರೆಕ್ಕೆಗೂ ದಕ್ಕದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲೇ ತೋರಿಸಿದ್ದಾರೆ. ಚಿಕ್ಕ ಯಂತ್ರಗಳಿಗೆ ಅದರ ಅರ್ಧ ದಕ್ಕಿದರೆ ಒಳ್ಳೆಯದು.

ಇನ್ನು ತಾರಸಿ. ಬಟ್ಟೆ ಹಾರಿಸುವ ಗಾಳಿ ಬೇರೆ, ರೆಕ್ಕೆಗೆ ಬೇಕಾದ ಗಾಳಿ ಬೇರೆ. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ ಸುಳಿಯಾಗುತ್ತದೆ. ಸುಳಿಗಾಳಿಯಲ್ಲಿ ಯಂತ್ರ ದಿಕ್ಕು ಹುಡುಕುತ್ತಲೇ ಇರುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ, ಕಂಪನ ಕಟ್ಟಡಕ್ಕಿಳಿದು ಕೆಳಗಿನ ಕೋಣೆಯಲ್ಲಿ ಗುಂಯ್ ಅನ್ನುತ್ತದೆ. ನೀವೇ ಪರೀಕ್ಷೆ ಮಾಡಬಹುದು. ಉದ್ದನೆಯ ಕೋಲಿಗೆ ಅಲ್ಲಲ್ಲಿ ತೆಳು ರಿಬ್ಬನ್ ಕಟ್ಟಿ ಎತ್ತಿ ಹಿಡಿಯಿರಿ. ರಿಬ್ಬನ್ ನೆಟ್ಟಗೆ ಚಾಚಿಕೊಂಡರೆ ಆ ಎತ್ತರದ ಗಾಳಿ ಒಳ್ಳೆಯದು. ಮೇಲೆ ಕೆಳಗೆ ಹೊಡೆದುಕೊಂಡು ಸುತ್ತಿಕೊಂಡರೆ ಅಲ್ಲಿ ಸುಳಿ ಇದೆ ಅಂತಲೇ ಅರ್ಥ. ಬಹಳಷ್ಟು ತಾರಸಿಗಳಲ್ಲಿ ಹೀಗೇ ಆಗುತ್ತದೆ.

1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಗಾಳಿಯಿಂದ ಬ್ಯಾಟರಿ ತುಂಬಿಸಿ ತಮ್ಮ ಮನೆಯ ದೀಪ ಉರಿಸಿದರು. ಅವರೂ ಯಂತ್ರ ನಿಲ್ಲಿಸಿದ್ದು ತೋಟದಲ್ಲಿ. ಇಂದಿಗೂ ಪಾಲಿಸುವ ನಿಯಮ ಇಷ್ಟು: ಸುತ್ತ 150 ಮೀಟರ್ ಒಳಗಿನ ಮರ, ಕಟ್ಟಡ ಎಲ್ಲಕ್ಕಿಂತ ರೆಕ್ಕೆಯ ಕೆಳತುದಿ ಕನಿಷ್ಠ 9 ಮೀಟರ್ ಮೇಲಿರಬೇಕು. ಅಷ್ಟು ಎತ್ತರದ ಕಂಬಕ್ಕೆ ಜಾಗ ಇದ್ದರೆ, ಮೊದಲು ವೇಗಮಾಪಕ ಇಟ್ಟು ಒಂದು ವರ್ಷ ಅಳೆಯಿರಿ. ಸರಾಸರಿ 5 ಮೀಟರ್ ದಾಟಿದರೆ ಧೈರ್ಯವಾಗಿ ಮುಂದುವರಿಯಿರಿ. ಇಲ್ಲದಿದ್ದರೆ ಅದೇ ಹಣಕ್ಕೆ ಸೋಲಾರ್ ಪ್ಯಾನೆಲ್ ಹಾಕಿಸಿ ಅನ್ನುವುದೇ ನನ್ನ ಸಲಹೆ.

ಪ್ರಶ್ನೆ: ನಮ್ಮ ಗಾಳಿಯಂತ್ರದ ಬ್ಯಾಟರಿ ಮಧ್ಯಾಹ್ನಕ್ಕೇ ತುಂಬುತ್ತದೆ. ವೈರ್ ಬಿಚ್ಚಿಟ್ಟರೆ ಸಾಕಲ್ವಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸೋಲಾರ್ ಪ್ಯಾನೆಲ್ ಆದರೆ ಬಿಚ್ಚಿಟ್ಟರೂ ಸುಮ್ನೆ ಇರುತ್ತದೆ. ಗಾಳಿಯಂತ್ರ ಹಾಗಲ್ಲ. ಎಳೆಯುವ ಹೊರೆ ತಪ್ಪಿದ ಕೂಡಲೇ ರೆಕ್ಕೆ ಹತೋಟಿ ಮೀರಿ ತಿರುಗುತ್ತದೆ, ಜೋರು ಗಾಳಿಗೆ ಮುರಿದೂ ಹೋಗಬಹುದು. ಬ್ಯಾಟರಿ ತುಂಬಿದಾಗ ಹೆಚ್ಚುವರಿ ಕರೆಂಟನ್ನು ಹೀಟರ್ ಕಾಯಿಲ್‌ನಂಥ ಹೊರೆಗೆ ತಾನಾಗೇ ತಿರುಗಿಸುವ ಕಂಟ್ರೋಲರ್ ಹಾಕಿಸಿ. ಆ ಹೊರೆ ಯಂತ್ರದ ಪೂರ್ತಿ ಸಾಮರ್ಥ್ಯ ತಡೆಯುವಷ್ಟು ದೊಡ್ಡದಿರಲಿ. ಅದರಿಂದ ನೀರು ಕಾಯಿಸಿಕೊಂಡರೆ ಕರೆಂಟೂ ದಂಡವಾಗುವುದಿಲ್ಲ.